ಮುಳುಗದ ಹನಿ

ಜನವರಿ 7, ಮಂಗಳವಾರ

ಇವತ್ತು ಹತ್ತೊಂಬತ್ತು ಜನ. ಹನ್ನೆರಡು ಮಂದಿ ಕೊಟ್ಟರು. ಏಳು ಮಂದಿಯನ್ನು ವಾಪಸ್ ಕಳಿಸಿದೆ.

ಒಬ್ಬಳು ಕಾಲೇಜು ಹುಡುಗಿ. ನಲವತ್ತೈದು ಕೆಜಿ ಬೇಕು, ಇರುವುದು ನಲವತ್ತಮೂರು. ಜೇಬಿನಲ್ಲಿ ಎರಡು ಫೋನು, ಬೀಗದ ಗೊಂಚಲು, ಮೇಲೊಂದು ಕಲ್ಲು. ಎಲ್ಲ ನಾನೇ ತೆಗೆಸಿದೆ. ಇನ್ನೊಬ್ಬನ ತೋಳ ಮೇಲೆ ಹೊಸ ಹಚ್ಚೆ, ಯಾವಳದೋ ಹೆಸರು. ಒಂದು ವರ್ಷ ಕಾಯಿರಿ ಎಂದೆ. "ಅಷ್ಟೊತ್ತಿಗೆ ಹೆಸರೇ ಬದಲಾಗಿರುತ್ತೆ ಮೇಡಂ" ಎಂದ ಜೊತೆಗಿದ್ದವನು. ಹಲ್ಲುನೋವಿಗೆ ಮಾತ್ರೆ ನುಂಗುತ್ತಿರುವವರು ಒಬ್ಬರು. ಬೆಳಿಗ್ಗೆಯಿಂದ ಏನೂ ತಿನ್ನದೆ ಬಂದವರು ಇಬ್ಬರು. ಒಬ್ಬರಿಗೆ ಬಿಪಿ. ಕೊನೆಯವನ ಬಾಯಲ್ಲಿ ನಿನ್ನೆಯ ಪಾರ್ಟಿ ಇನ್ನೂ ಮುಗಿದಿರಲಿಲ್ಲ.

ಇಲ್ಲಿ ನನ್ನ ಹೆಸರು ಇಲ್ಲಮ್ಮ. ಸೂಜಿ ಹಾಕುವ ನರ್ಸ್ ಇಟ್ಟಿದ್ದು. ಹನ್ನೊಂದು ವರ್ಷದಿಂದ ರಕ್ತನಿಧಿಯ ಮುಂದಿನ ಟೇಬಲ್ಲು ನನ್ನದು. ಪ್ರಶ್ನೆ ಕೇಳು, ತೂಕ ನೋಡು, ಬೆರಳು ಚುಚ್ಚು, ಹೂಂ ಅನ್ನು ಇಲ್ಲವೇ ಇಲ್ಲ ಅನ್ನು. ಬೇಜಾರೇನಿಲ್ಲ. ಇಲ್ಲ ಅನ್ನುವುದಕ್ಕೂ ಒಬ್ಬರು ಬೇಕಲ್ಲ.

ಮುಂದಿನ ವಾರ ಅಣ್ಣ ಐವತ್ತನೆಯ ಸಲ ರಕ್ತ ಕೊಡುತ್ತಾನೆ.

ಜನವರಿ 12, ಭಾನುವಾರ

ಅಣ್ಣನ ಅಂಗಡಿಗೆ ಹೋಗಿದ್ದೆ. ಭಾನುವಾರವೂ ಹೊಲಿಗೆ ಮೆಷಿನ್ ನಿಲ್ಲಿಸುವವನಲ್ಲ. ಅಳತೆ ಕೊಡಲು ಬಂದವರಿಗೆಲ್ಲ ಐವತ್ತರ ಸುದ್ದಿ. ಐವತ್ತು ಸಲ ರಕ್ತ ಕೊಟ್ಟವರ ಫೋಟೋವನ್ನು ನಮ್ಮ ಗೋಡೆಗೆ ಹಾಕುತ್ತೇವೆ. ಇದುವರೆಗೆ ಇರುವುದು ಇಬ್ಬರೇ. ಫೋಟೋಗೆಂದೇ ತಿಳಿ ನೀಲಿ ಶರ್ಟು ಹೊಲಿದುಕೊಂಡಿದ್ದಾನೆ. ಹಾಕಿ ತೋರಿಸಿದ. ಚೆನ್ನಾಗಿ ಕಂಡ. ಪ್ಯಾಂಟಿನ ಸೊಂಟ ಹಿಡಿಸಿದ್ದ ಹೊಸ ಹೊಲಿಗೆ ಕಣ್ಣಿಗೆ ಬಿತ್ತು. ಬೇರೆ ಬಣ್ಣದ ದಾರ.

"ಏನಣ್ಣ, ಫೋಟೋಗೆ ಸೊಂಟಾನೂ ಸಣ್ಣ ಮಾಡ್ಕೊಂಡ್ಯಾ?"

ನಕ್ಕ. ನಾನೂ ನಕ್ಕೆ. ಅತ್ತಿಗೆ ಟೀ ತಂದರು. ಅವನು ಅರ್ಧ ಕುಡಿದು ಇಟ್ಟ.

ಇದೆಲ್ಲ ಶುರುವಾಗಿದ್ದು ಅಮ್ಮನಿಂದ. ಅಮ್ಮನಿಗೆ ರಕ್ತ ಬೇಕಾದಾಗ ಅಣ್ಣನಿಗೆ ಹದಿನೆಂಟಕ್ಕೆ ಮೂರು ತಿಂಗಳು ಕಡಿಮೆ. ಟೇಬಲ್ಲಿನ ಹೆಂಗಸಿನ ಕಾಲು ಹಿಡಿಯುವುದೊಂದು ಬಾಕಿ. ಆಕೆ ಜಪ್ಪಯ್ಯ ಅನ್ನಲಿಲ್ಲ. ಯಾರೋ ಪರಿಚಯವೇ ಇಲ್ಲದವರು ಬಂದು ಕೊಟ್ಟರು. ಅಮ್ಮ ಉಳಿದಳು, ಆಮೇಲೆ ಇಪ್ಪತ್ತು ವರ್ಷ ನಮ್ಮನ್ನೆಲ್ಲ ಬೈದುಕೊಂಡು ಬದುಕಿದಳು. ಅಣ್ಣ ಹದಿನೆಂಟು ತುಂಬಿದ ದಿನವೇ ಹೋಗಿ ಕೈ ಚಾಚಿದ. "ಅವತ್ತು ಅವರಿಗೆ ಬೈದಿದ್ದೆ. ಅವರು ಮಾಡಿದ್ದೇ ಸರಿ" ಎಂದು ಈಗಲೂ ಹೇಳುತ್ತಾನೆ.

ನಾನು ಈ ಕೆಲಸಕ್ಕೆ ಸೇರಿದ್ದು ಬಹುಶಃ ಆ ಹೆಂಗಸನ್ನು ನೋಡಿಯೇ. ಆಗ ನನಗೆ ಎಂಟು ವರ್ಷ.

ಜನವರಿ 16, ಗುರುವಾರ, ಸಂಜೆ 6

ಐವತ್ತು ಆಯಿತು. ಚಪ್ಪಾಳೆ, ಬಿಸ್ಕತ್ತು, ಜ್ಯೂಸು, ಫೋಟೋ. ನೀಲಿ ಶರ್ಟು. ಎದ್ದಾಗ ಒಂದು ಸಲ ಓಲಾಡಿದ, ಮತ್ತೆ ಕೂತ. "ಐವತ್ತರ ಮತ್ತು" ಎಂದು ಎಲ್ಲರನ್ನೂ ನಗಿಸಿದ.

ಒಂದು ವಿಷಯ ಬರೆದಿಡಬೇಕು. ಇಲ್ಲಿ ಬಿಟ್ಟು ಬೇರೆಲ್ಲೂ ಬರೆಯಲಾರೆ.

ನಿಯಮ ಬಾಯಿಪಾಠ. ಮೈಲುತುತ್ತದ ನೀಲಿ ನೀರು. ಒಂದು ಬೆರಳ ಎತ್ತರದಿಂದ ರಕ್ತದ ಹನಿ ಬಿಡಬೇಕು. ಹದಿನೈದು ಸೆಕೆಂಡಿನೊಳಗೆ ತಳ ಸೇರಿದರೆ ರಕ್ತ ಗಟ್ಟಿಯಿದೆ ಎಂದರ್ಥ. ತೇಲಿದರೆ ಸಾಲದು. ಅನುಮಾನ ಬಂದರೆ ಪಕ್ಕದ ಕೋಣೆಯ ಮೆಷಿನ್‌ನಲ್ಲಿ ನೋಡಬೇಕು.

ಅಣ್ಣನ ಹನಿ ಅರ್ಧದವರೆಗೆ ಇಳಿಯಿತು. ನಿಂತಿತು. ಮೆಲ್ಲಗೆ ಮೇಲೆ ಬಂತು.

ಹಿಂದೆ ಫೋಟೋದವರು ಕ್ಯಾಮೆರಾ ಹಿಡಿದು ನಿಂತಿದ್ದರು. ಅತ್ತಿಗೆ ಹೂಗುಚ್ಛ ತಂದಿದ್ದರು. ಇನ್ನೊಂದು ಹನಿ ತೆಗೆದೆ. ಈ ಸಲ ಸ್ವಲ್ಪ ಮೇಲಿನಿಂದ ಬಿಟ್ಟೆ. ಬಿದ್ದ ರಭಸಕ್ಕೇ ತಳಕ್ಕೆ ಹೋಯಿತು. ಹೋಗುತ್ತದೆಂದು ನನಗೆ ಗೊತ್ತಿತ್ತು. ಹೊಸಬರಿಗೆ ಹೀಗೆ ಮಾಡಬಾರದೆಂದು ಕಲಿಸುವವಳೇ ನಾನು.

"ಮುಳುಗಿತು" ಎಂದು ಬರೆದೆ.

ಫಾರಂ ಅವನು ಬರುವ ಮೊದಲೇ ತುಂಬಿಟ್ಟಿದ್ದೆ. ಹೋದ ಸಲದ ಫಾರಂ ನೋಡಿಕೊಂಡು. ತೂಕ ಅರವತ್ತೆಂಟು. ಜ್ವರ ಇಲ್ಲ, ಮಾತ್ರೆ ಇಲ್ಲ, ಕಾಯಿಲೆ ಇಲ್ಲ, ಎಲ್ಲದಕ್ಕೂ ಇಲ್ಲ. ನಾಲ್ಕೈದು ವರ್ಷದಿಂದ ಹೀಗೇ. ಒಡಹುಟ್ಟಿದವನನ್ನು ಕೂರಿಸಿಕೊಂಡು ಏನು ಕೇಳುವುದು? ಅವನು ಸಹಿ ಹಾಕುತ್ತಾನೆ, ಅಷ್ಟೆ.

ಒಂದು ಹನಿ. ಅಷ್ಟಕ್ಕೆ ಯಾರಿಗೇನಾಗುತ್ತದೆ.

ಜನವರಿ 17

ಕಬ್ಬಿಣದ ಮಾತ್ರೆ ಕೊಂಡೆ, ಅಣ್ಣನಿಗೆ. ಕೊಡುವಾಗ ಯಾಕೆ ಎಂದು ಕೇಳಿದರೆ ಏನು ಹೇಳಲಿ? ಬ್ಯಾಗಿನಲ್ಲೇ ಇದೆ.

ಫೆಬ್ರವರಿ 3

ಬ್ಯಾಗಿನಲ್ಲೇ ಇದೆ.

ಮಾರ್ಚ್ 22, ಶನಿವಾರ

ಅಣ್ಣ ಅಂಗಡಿಯಲ್ಲಿ ಬಿದ್ದ. ಇಸ್ತ್ರಿ ಟೇಬಲ್ ಹಿಡಿಯಲು ಹೋಗಿ ಟೇಬಲ್ ಸಮೇತ. ಪುಣ್ಯಕ್ಕೆ ಇಸ್ತ್ರಿಪೆಟ್ಟಿಗೆ ಆ ಕಡೆ ಉರುಳಿತು. ಆಸ್ಪತ್ರೆಗೆ ಓಡಿದೆ. ರಕ್ತದ ಹಿಮೋಗ್ಲೋಬಿನ್ ಆರಕ್ಕೆ ಇಳಿದಿದೆ. ಕೊಡುವವರಿಗೇ ಹನ್ನೆರಡೂವರೆ ಬೇಕು. ಆರು. ಕಾಗದವನ್ನು ಎರಡು ಸಲ ಓದಿದೆ.

ವಾರ್ಡಿನ ಡಾಕ್ಟರ್ ಚಿಕ್ಕ ವಯಸ್ಸಿನವರು. ಮಂಚದ ತುದಿಯಲ್ಲಿ ಕೂತು ಒಂದೊಂದಾಗಿ ಕೇಳಿದರು.

"ಇತ್ತೀಚೆಗೆ ತೂಕ ಏನಾದ್ರೂ ಇಳಿದಿದ್ಯಾ?"

"ಕೆಜಿ ಲೆಕ್ಕ ಗೊತ್ತಿಲ್ಲ ಡಾಕ್ಟ್ರೇ. ಸೊಂಟ ಎರಡೂವರೆ ಇಂಚು ಇಳಿದಿದೆ. ಎದೆ ಒಂದು ಇಂಚು."

"ಯಾವಾಗಿಂದ?"

"ಚಳಿ ಶುರುವಾದಾಗಿಂದ. ಮೊದಲು ಒಂದು ಸಲ ಪ್ಯಾಂಟು ಬಿಗಿ ಮಾಡ್ಕೊಂಡೆ, ಆಮೇಲೆ ಇನ್ನೊಂದು ಸಲ."

"ಸುಸ್ತು?"

"ಇತ್ತು. ಮೆಟ್ಟಿಲು ಹತ್ತಿದ್ರೆ ಏದುಸಿರು."

"ಮತ್ತೆ ಯಾರಿಗೂ ಹೇಳ್ಲಿಲ್ವಾ?"

"ಯಾರೂ ಕೇಳ್ಲಿಲ್ಲ" ಎಂದ ಅಣ್ಣ. ದೂರುವ ದನಿಯಲ್ಲೂ ಅಲ್ಲ. ಇದ್ದದ್ದನ್ನು ಇದ್ದ ಹಾಗೆ.

ನಮ್ಮ ಫಾರಂನ ಹನ್ನೊಂದನೇ ಪ್ರಶ್ನೆ — ಕಾರಣವಿಲ್ಲದೆ ತೂಕ ಇಳಿದಿದೆಯೇ? ಪರ ಊರಿನವರಿಗೂ, ಹಚ್ಚೆಯವನಿಗೂ, ಕಲ್ಲಿನ ಹುಡುಗಿಗೂ ಕೇಳಿದ್ದೇನೆ.

ಮಾರ್ಚ್ 25

ದೊಡ್ಡ ಕರುಳಿನಲ್ಲಿ ಗಡ್ಡೆ. ಒಳಗೊಳಗೇ ರಕ್ತ ಸೋರುತ್ತಿತ್ತಂತೆ, ಬಹಳ ದಿನದಿಂದ. ಆಪರೇಷನ್ ಆಗಬೇಕು. ಎಷ್ಟು ಹರಡಿದೆ ಎಂಬುದು ತೆರೆದು ನೋಡಿದ ಮೇಲೆಯೇ.

"ಒಂದೆರಡು ತಿಂಗಳು ಮುಂಚೆ ಬಂದಿದ್ರೆ..." ಎಂದರು ಡಾಕ್ಟರ್. ಅತ್ತಿಗೆಯ ಮುಖ ನೋಡಿ ಅಲ್ಲಿಗೇ ಬಿಟ್ಟರು.

ಜನವರಿ ಹದಿನಾರರಿಂದ ಮಾರ್ಚ್ ಇಪ್ಪತ್ತೆರಡು. ಅರವತ್ತೈದು ದಿನ. ಮೇಲೆ ಬಂದ ಹನಿಯನ್ನು ಕೈಯಾರೆ ತಳಕ್ಕೆ ತಳ್ಳಿದೆ. ಹೆಸರಿಗೆ ಇಲ್ಲಮ್ಮ. ಇಲ್ಲ ಅನ್ನಬೇಕಾಗಿದ್ದ ಒಂದೇ ಒಂದು ಸಲ ಹೂಂ ಅಂದೆ.

ಮಾರ್ಚ್ 26

ನಮ್ಮ ರಕ್ತನಿಧಿಯ ದೊಡ್ಡ ಡಾಕ್ಟರಿಗೆ ಎಲ್ಲ ಹೇಳಿದೆ. ಹನಿ, ಫಾರಂ, ಎಲ್ಲ. ಆಕೆ ಬೈಯಲಿಲ್ಲ, ಅದೇ ಕಷ್ಟವಾಯಿತು. ಮೊದಲು ಅಣ್ಣ ಕೊಟ್ಟ ಚೀಲ ಯಾರಿಗೆ ಹೋಯಿತೆಂದು ಹುಡುಕಿಸಿದರು. ತೆಗೆದುಕೊಂಡವರು ಚೆನ್ನಾಗಿದ್ದಾರೆ. ಅವರ ಡಾಕ್ಟರಿಗೆ ವಿಷಯ ತಿಳಿಸಿದರು. ಆಮೇಲೆ ಫಾರಂ ನನ್ನ ಕಡೆ ತಿರುಗಿಸಿದರು.

"ಇಷ್ಟು ವರ್ಷ ಈ ಪ್ರಶ್ನೆಗಳೆಲ್ಲ ರಕ್ತ ತಗೊಳ್ಳೋರಿಗೋಸ್ಕರ ಅಂದ್ಕೊಂಡಿದ್ಯಾ? ಅರ್ಧ ಪ್ರಶ್ನೆ ಕೊಡೋರಿಗೋಸ್ಕರ ಇರೋದು."

ಗೊತ್ತಿತ್ತು. ಟ್ರೈನಿಂಗಿನಲ್ಲಿ ನಾನೇ ಹೇಳಿಕೊಡುತ್ತೇನೆ.

ಟೇಬಲ್ಲಿನಿಂದ ತೆಗೆದಿದ್ದಾರೆ. ಸದ್ಯಕ್ಕೆ ಗಾಜಿನ ನಳಿಗೆ ತೊಳೆಯುವ ಕೆಲಸ. ಅಲ್ಲಿ ಅಳಲಿಲ್ಲ. ಬಸ್ ಸ್ಟಾಪಿನಲ್ಲಿ ಅತ್ತೆ. ಎರಡು ಬಸ್ ಬಿಟ್ಟೆ.

ಮಾರ್ಚ್ 29, ಶನಿವಾರ

ಆಪರೇಷನ್ನಿಗೆ ಮುಂಚೆ ರಕ್ತ ಏರಿಸಬೇಕು. ಅಂಗಡಿಯ ಗಿರಾಕಿಗಳು ಸಾಲುಗಟ್ಟಿ ಬಂದರು. ಒಬ್ಬರು ಹೊಲಿಯಲು ಕೊಟ್ಟಿದ್ದ ಶರ್ಟಿಗೆ ಇನ್ನೂ ಒಂದು ತೋಳಿಲ್ಲ. "ತೋಳು ಆಮೇಲೆ ಹಚ್ಚಲಿ, ಮೊದ್ಲು ಎದ್ದು ಕೂರ್ಲಿ" ಎಂದು ಕೈ ಚಾಚಿದರು. ಶಾಲೆಯ ಮೇಷ್ಟ್ರಿಗೆ ಅರವತ್ತೇಳು, ವಯಸ್ಸು ದಾಟಿದೆ ಎಂದು ಕಳಿಸಿದರು. ಬೆಂಚಿನ ಮೇಲೆ ಸುಮ್ಮನೆ ಕೂತೇ ಇದ್ದರು, ಹೋಗಲಿಲ್ಲ.

ನಾನೂ ಕೂತೆ, ಟೇಬಲ್ಲಿನ ಆ ಕಡೆಯ ಕುರ್ಚಿಯಲ್ಲಿ. ನನ್ನ ಜಾಗದಲ್ಲಿ ಹೊಸ ಹುಡುಗಿ, ನಾನೇ ಕಲಿಸಿದವಳು. ಒಂದು ಪ್ರಶ್ನೆಯನ್ನೂ ಬಿಡಲಿಲ್ಲ.

"ರಾತ್ರಿ ನಿದ್ದೆ ಮಾಡಿದ್ರಾ ಅಕ್ಕಾ?"

ಮಾಡಿದೆ ಎಂದರೆ ಮುಗಿಯುತ್ತಿತ್ತು. ನಾಲ್ಕು ರಾತ್ರಿಯಿಂದ ಇಲ್ಲ ಎಂದೆ.

ಅವಳು ಪೆನ್ನು ಕೆಳಗಿಟ್ಟಳು. ತಲೆ ಎತ್ತಲಿಲ್ಲ. "ಹಾಗಾದ್ರೆ ಇವತ್ತು ಆಗಲ್ಲ ಅಕ್ಕಾ."

ಸರಿಯಾಗಿ ಹೇಳಿದಳು. ಬೆನ್ನು ತಟ್ಟಿ ಬಂದೆ.

ಏಪ್ರಿಲ್ 2

ಅಣ್ಣನಿಗೆ ಇನ್ನೂ ಹೇಳಿಲ್ಲ. ಹೋಗುತ್ತೇನೆ, ಕೂರುತ್ತೇನೆ, ದಿಂಬು ಸರಿಮಾಡುತ್ತೇನೆ, ಬರುತ್ತೇನೆ. ಅವನು ಐವತ್ತರ ಫೋಟೋದ ಸಣ್ಣ ಪ್ರತಿಯನ್ನು ಲಾಕರಿನ ಮೇಲೆ ಇಟ್ಟುಕೊಂಡಿದ್ದಾನೆ. ಬಂದ ನರ್ಸಿಗೆಲ್ಲ ತೋರಿಸುತ್ತಾನೆ. "ಇವಳು ನನ್ನ ತಂಗಿ, ಅಲ್ಲೇ ಕೆಲಸ. ಭಾರಿ ಸ್ಟ್ರಿಕ್ಟು."

ಎದ್ದು ಹೊರಗೆ ಬಂದೆ. ನೀರು ತರುವ ನೆಪ.

ಅತ್ತಿಗೆಗೆ ಕಾರಿಡಾರಿನಲ್ಲಿ ಹೇಳಿದೆ. "ನನ್ನ ಹತ್ರ ಹೇಳಿ ಏನು ಮಾಡ್ತೀಯ. ಅವರ ಹತ್ರ ಹೇಳು" ಎಂದು ಒಳಗೆ ಹೋದರು.

ಏಪ್ರಿಲ್ 4, ಶುಕ್ರವಾರ, ಬೆಳಿಗ್ಗೆ 7.50

ಈಗಷ್ಟೇ ಒಳಗೆ ಕರೆದುಕೊಂಡು ಹೋದರು. ಮರೆಯುವ ಮೊದಲು ಬರೆಯುತ್ತೇನೆ. ಮರೆಯುವುದೆಲ್ಲಿಂದ ಬಂತು.

ಆರು ಗಂಟೆಗೆ ಹೋದೆ. ಬ್ಯಾಗಿನಲ್ಲಿ ಖಾಲಿ ಫಾರಂ ಇತ್ತು. ಅಣ್ಣ ಎದ್ದು ಕೂತಿದ್ದ.

"ಏನ್ ಪುಟ್ಟಿ ಇದು? ಐವತ್ತೊಂದಕ್ಕೆ ಈಗ್ಲೇ ಬಂದ್ಯಾ?"

"ಅವತ್ತು ಕೇಳಿರ್ಲಿಲ್ಲ. ಈಗ ಕೇಳ್ತೀನಿ."

ಒಂದನೆಯದರಿಂದ ಕೇಳಿದೆ. ಅವನೂ ತಮಾಷೆ ಬಿಟ್ಟು ನೆಟ್ಟಗೆ ಕೂತು ಉತ್ತರ ಕೊಟ್ಟ. ಹನ್ನೊಂದನೆಯದಕ್ಕೆ "ಹೌದು" ಎಂದ. ಹೌದು ಎಂದು ಬರೆದೆ. ಆಮೇಲೆ ಹೇಳಿದೆ. "ಅಣ್ಣ, ಅವತ್ತು ನಿನ್ನ ಹನಿ ಮುಳುಗಲಿಲ್ಲ. ನಾನು ಮೇಲಿಂದ ಬಿಟ್ಟೆ."

"ಗೊತ್ತು" ಎಂದ.

ಫಾರಂನಿಂದ ತಲೆ ಎತ್ತಿದೆ.

"ನಲವತ್ತೊಂಬತ್ತು ಸಲ ನೋಡಿದ್ದೀನಿ. ಮುಳುಗೋ ಹನಿ ಹ್ಯಾಗಿರುತ್ತೆ ಅಂತ ನಂಗೆ ಗೊತ್ತಿಲ್ವಾ? ಮೇಲೆ ಬಂದಾಗ ನಿನ್ನ ಮುಖ ನೋಡ್ದೆ. ಇಲ್ಲ ಅಂತೀಯ ಅಂತ ಕಾಯ್ತಾ ಇದ್ದೆ ಪುಟ್ಟಿ."

"ಕಾಯ್ತಾ ಇದ್ಯಾ?"

"ಮೈಯಲ್ಲಿ ಶಕ್ತಿನೇ ಇರ್ಲಿಲ್ಲ. ನೀನು ಇಲ್ಲ ಅಂದ್ರೆ ಮನೆಗೆ ಹೋಗಿ ಮಲಗೋಣ ಅಂದ್ಕೊಂಡಿದ್ದೆ. ಶರ್ಟು ಹೊಲ್ಕೊಂಡು, ಊರಿಗೆಲ್ಲ ಸಾರಿ, ನಾನಾಗೇ ಹ್ಯಾಗೆ ಆಗಲ್ಲ ಅನ್ಲಿ? ನೀನಾದ್ರೆ ಅಂತೀಯ ಅಂತ ಧೈರ್ಯ. ಯಾರ್ನೂ ಬಿಡೋಳಲ್ಲ ನೀನು."

ಅವನ ಮಂಡಿಯ ಮೇಲೆ ತಲೆ ಇಟ್ಟು ಅತ್ತೆ. ಕೂದಲ ಮೇಲೆ ಕೈ ಇಟ್ಟ. ಕೈಯಲ್ಲಿ ಭಾರವೇ ಇರಲಿಲ್ಲ.

"ಇಬ್ರೂ ಸೇರಿ ಮಾಡಿದ್ದು. ನೀನೊಬ್ಳೇ ಹೊತ್ಕೋಬೇಡ" ಎಂದ. ಆಮೇಲೆ, "ಆ ಫೋಟೋ ಇಳಿಸಿಬಿಡು. ನಲವತ್ತೊಂಬತ್ತೇ ಸರಿ."

ಗಾಲಿಮಂಚ ತಂದರು. ಹಸಿರು ಬಟ್ಟೆ ಹಾಕಿಸಿದರು. ಅದರ ಹೊಲಿಗೆ ನೋಡಿ ಮುಖ ಕಿವುಚಿದ.

ಅದೇ ದಿನ, 12.20

ನಾಲ್ಕೂವರೆ ತಾಸಾಯಿತು. ಅತ್ತಿಗೆ ಪಕ್ಕದಲ್ಲಿದ್ದಾರೆ. ನೀರಿನ ಬಾಟಲಿ ಮೊದಲು ನನಗೆ ಕೊಟ್ಟರು. ಮೇಷ್ಟ್ರೂ ಬಂದಿದ್ದಾರೆ.

ಕಬ್ಬಿಣದ ಮಾತ್ರೆ ಇನ್ನೂ ಬ್ಯಾಗಿನಲ್ಲಿದೆ. ಫಾರಂ ತೊಡೆಯ ಮೇಲಿದೆ. ಎಲ್ಲ ತುಂಬಿದೆ, ಅವನ ಸಹಿಯೂ ಇದೆ. ಕೆಳಗೆ ಒಂದು ಗೆರೆ ಖಾಲಿ: ಪ್ರಶ್ನೆ ಕೇಳಿದವರ ಸಹಿ. ಇಷ್ಟು ವರ್ಷ ಅಣ್ಣನ ಫಾರಂನಲ್ಲಿ ಅಲ್ಲಿ ಸುಳ್ಳೇ ಗೀಚುತ್ತಿದ್ದೆ. ಇವತ್ತು ಕೇಳಿದ್ದೇನೆ. ಇವತ್ತು ಹಾಕಬಹುದು. ಹೆಸರು ಪೂರ್ತಿ ಬರೆದು ಕೆಳಗೆ ತಾರೀಕು —

ಅತ್ತಿಗೆ ಎದ್ದು ನಿಂತರು. ಬಾಗಿಲು ತೆರೆಯಿತು, ಡಾಕ್ಟರ್ ಮುಖದ ಬಟ್ಟೆ ಕೆಳಗಿಳಿಸುತ್ತ ನಮ್ಮ ಕಡೆಗೇ —