ಈಗ ಸ್ವಲ್ಪ ಮೇಲು

ಮನೆ, ಊಟದ ಮೇಜು
ಶುಕ್ರವಾರ, ಸೆಪ್ಟೆಂಬರ್ ೧೨

ಪ್ರೀತಿಯ ಗೂಬೆಮರಿಯೇ,

ಒಂದು ಮಾತನ್ನು ಬರೆಯದೆ ಉಳಿಸಿಕೊಳ್ಳುವವಳಿದ್ದೆ. ಅಮ್ಮನ ಕಾಲುನೋವು, ನನ್ನ ಕಚೇರಿ, ಇಲ್ಲಿನ ಬಿಸಿಲು, ಇಷ್ಟರಲ್ಲೇ ಕಾಗದ ಮುಗಿಸಿಬಿಡೋಣವೆಂದು ಕೂತಿದ್ದೆ. ಮಾತು ಇಷ್ಟೇ: ನಿನಗೆ ಲಿಂಕ್ ಕಳಿಸಿದೆನಲ್ಲ, ಆ ಆ್ಯಪನ್ನು ನಾನು ಒಂದು ಸಲವೂ ತೆರೆದು ನೋಡಿರಲಿಲ್ಲ. ಈ ವಾರ ನೋಡಿದೆ.

ಹೇಗಿದ್ದೀಯ ಎಂದು ಕೇಳುವುದಿಲ್ಲ. ಯಾಕೆಂದು ಓದುತ್ತ ಹೋದರೆ ತಿಳಿಯುತ್ತದೆ. ನಿದ್ದೆ ಬರುತ್ತಿದೆಯೇ? ಅಡುಗೆಮನೆಯ ದೀಪ ಸರಿಮಾಡಿಸಿಕೊಂಡೆಯೋ, ಇನ್ನೂ ಮೊಬೈಲಿನ ಬೆಳಕಿನಲ್ಲೇ ಪಾತ್ರೆ ತೊಳೆಯುತ್ತಿದ್ದೀಯೋ? ನಿನ್ನ ಕನ್ನಡಕದ ಅಂಗಡಿಗೆ ಯಾವ ಹೊತ್ತಿನಲ್ಲಿ ಫೋನ್ ಮಾಡಿದರೂ ಬರಿದೇ ಹೊಡೆದುಕೊಳ್ಳುತ್ತದೆ, ಯಾರೂ ಎತ್ತುವುದಿಲ್ಲ. ಬಾಗಿಲು ತೆಗೆಯುತ್ತಿದ್ದೀಯಾ?

ಇಲ್ಲಿ ಅಮ್ಮ ನಾಲ್ಕು ಕಾಲಿನ ಊರುಗೋಲು ಹಿಡಿದು ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಮಂಚಕ್ಕೆ ಓಡಾಡುತ್ತಾಳೆ. ಅವಳು ಸ್ನಾನಕ್ಕೆ ಹೋದರೆ ನಾನು ಬಾಗಿಲ ಹೊರಗೆ ನಿಂತಿರಬೇಕು. ನಾನು ಕಚೇರಿಗೆ ಹೋದಾಗ ಪಕ್ಕದ ಮನೆಯ ಟೈಲರಮ್ಮ ತನ್ನ ಹೊಲಿಗೆ ಯಂತ್ರವನ್ನು ನಮ್ಮ ಪಡಸಾಲೆಗೇ ತಂದಿಟ್ಟುಕೊಂಡು ಹೊಲಿಯುತ್ತಾಳೆ. ಅವಳು ಎದ್ದಳೆಂದರೆ ನಾನು ಬಂದಿರಬೇಕು, ನಾನು ಎದ್ದರೆ ಅವಳು ಬಂದಿರಬೇಕು. ಇದನ್ನು ದೂರೆಂದು ತಿಳಿಯಬೇಡ. ನಿನ್ನ ಹೆಂಡತಿ ಬಿಟ್ಟುಹೋದ ಮೇಲೂ ನಾನು ಯಾಕೆ ಬರಲಿಲ್ಲ ಎಂಬುದಕ್ಕೆ ಇದನ್ನೇ ಕಾರಣವಾಗಿ ಕೊಡುತ್ತ ಬಂದಿದ್ದೇನೆ. ನಿಜವಾದ ಕಾರಣವೇ ಹೌದು. ಆದರೂ ಕೊಡುವಾಗ ಅದು ಎಷ್ಟು ಸಲೀಸಾಗಿ ನಾಲಿಗೆಗೆ ಬರುತ್ತದೆಂದರೆ, ಈಚೆಗೆ ನನಗೇ ಅನುಮಾನ.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ಮನಸ್ಸು ಕೈಮೀರಿದ ಹೊತ್ತಿನಲ್ಲಿ ದೊಡ್ಡವರು ತಾವೇ ತೆರೆದು ಬಳಸಲೆಂದು ಮಾಡಿದ ಆನ್‌ಲೈನ್ ಸಾಧನಗಳನ್ನು ಪರೀಕ್ಷಿಸಿ, ನಂಬಬಹುದೋ ಇಲ್ಲವೋ ಎಂದು ವರದಿ ಕೊಡುವುದು. ‘ಅಕ್ಕಾ, ಬೆಳಿಗ್ಗೆ ಏಳೋದಾದ್ರೂ ಯಾಕೆ ಅಂತ ಗೊತ್ತಾಗ್ತಿಲ್ಲ’ ಎಂದು ನೀನು ಫೋನಿನಲ್ಲಿ ಹೇಳಿದಾಗ ನಾನು ಅಮ್ಮನಿಗೆ ಚಮಚದಲ್ಲಿ ಔಷಧಿ ಅಳೆಯುತ್ತಿದ್ದೆ. ಔಷಧಿ ಚೆಲ್ಲಿತು. ನಿನ್ನನ್ನು ಮಾತಾಡಲು ಬಿಡಬೇಕಿತ್ತು. ಅದರ ಬದಲು ಪರೀಕ್ಷೆಗೆಂದು ಆಗಷ್ಟೇ ಬಂದಿದ್ದ ಒಂದು ಆ್ಯಪಿನ ಲಿಂಕ್ ಕಳಿಸಿ, ಏನೋ ಮಾಡಿದೆನೆಂಬ ಸಮಾಧಾನದಲ್ಲಿ ನೆಲ ಒರೆಸಿದೆ.

ಪರೀಕ್ಷೆಗೆ ನಮ್ಮಲ್ಲಿ ಒಂದು ಗಾಜಿನ ಕೋಣೆಯಿದೆ. ಕಿಟಕಿಯಿಲ್ಲ, ಒಳಗೆ ಕೂತವರು ಹೊರಗಿನವರಿಗೆ ಮೀನಿನ ಹಾಗೆ ಕಾಣುತ್ತಾರೆ. ಅಲ್ಲಿ ನಾವು ಒಂದೊಂದು ವೇಷ ಹಾಕಿಕೊಂಡು ಆ್ಯಪಿಗೆ ಉತ್ತರ ಕೊಡಬೇಕು. ಈ ವಾರ ನಿನಗೆ ಕಳಿಸಿದ್ದರ ಸರದಿ. ನನ್ನ ಪಾಲಿಗೆ ಬಂದ ವೇಷ ಕೆಲಸ ಕಳೆದುಕೊಂಡ ಐವತ್ತರ ಗಂಡಸು. ಪರದೆಯ ಮೇಲೆ ಒಂದು ನೀಲಿ ವೃತ್ತ ಉಬ್ಬುತ್ತದೆ, ಕುಗ್ಗುತ್ತದೆ. ಅದರ ಜೊತೆಗೆ ಉಸಿರಾಡಬೇಕು. ಆಮೇಲೆ ನಾಲ್ಕು ಸಮಾಧಾನದ ಮಾತು. ಕೊನೆಗೆ, ಈಗ ಹೇಗನ್ನಿಸುತ್ತಿದೆ? ಕೆಳಗೆ ಎರಡೇ ಗುಂಡಿ: ‘ಈಗ ಸ್ವಲ್ಪ ಮೇಲು’, ‘ಹಾಗೇ ಇದೆ’. ನನ್ನ ಗಂಡಸಿಗೆ ಅಷ್ಟು ಬೇಗ ಮೇಲೆನಿಸಲು ಕಾರಣವಿರಲಿಲ್ಲ. ‘ಹಾಗೇ ಇದೆ’ ಒತ್ತಿದೆ. ನೀಲಿ ವೃತ್ತ ಮೊದಲಿನಿಂದ ಶುರುವಾಯಿತು. ಮತ್ತೆ ಒತ್ತಿದೆ, ಮತ್ತೆ ವೃತ್ತ. ಎಷ್ಟು ಸಲ ಹೀಗಾಯಿತೋ, ನಡುವೆ ಯಾವಾಗಲೋ ಆ ಗಂಡಸು ಎದ್ದು ಹೋಗಿದ್ದ. ಕುರ್ಚಿಯಲ್ಲಿ ನಾನೇ ಇದ್ದೆ, ಒತ್ತುತ್ತಿದ್ದವಳೂ ನಾನೇ. ಕಡೆಗೆ ಊಟದ ಹೊತ್ತಾಯಿತೆಂದು ‘ಈಗ ಸ್ವಲ್ಪ ಮೇಲು’ ಒತ್ತಿದೆ. ಪರದೆಯ ತುಂಬ ಹೂವು ಅರಳಿತು. ಅಭಿನಂದನೆ ಹೇಳಿ ನನ್ನನ್ನು ಬಿಟ್ಟುಬಿಟ್ಟಿತು.

ನಡುವೆಯೇ ಮುಚ್ಚಬಹುದಿತ್ತಲ್ಲ ಎನ್ನುತ್ತೀಯ. ಮುಚ್ಚಬಹುದು. ಹಾಗೆ ಮುಚ್ಚಿದವರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಮ್ಮ ಮುಖ್ಯಸ್ಥರಿಗೆ ಖುಷಿಯೋ ಖುಷಿ. ‘ಮೇಡಂ, ಮುಗಿಸಿದವರಲ್ಲಿ ಒಬ್ಬರಾದ್ರೂ ಹಾಗೇ ಇದೆ ಅಂದಿದ್ದಾರಾ? ಇದಕ್ಕಿಂತ ಇನ್ನೇನ್ ಬೇಕ್ರೀ?’ ಹಾಗೇ ಇದೆ ಅಂದವರಿಗೆ ಮುಗಿಸೋಕೇ ಆಗಲ್ಲ ಸರ್ ಎಂದೆ. ‘ನಿಮಗೆ ಮಲ್ಲಿಗೆ ಹೂವಲ್ಲೂ ಹುಳ ಕಾಣುತ್ತೆ’ ಎಂದು ನಕ್ಕರು. ಉಳಿದವರೆಲ್ಲ ಸಹಿ ಹಾಕಿದ್ದಾರೆ, ನನ್ನದೊಂದು ಬಾಕಿ. ಸೋಮವಾರ ವರದಿ ಹೋಗಬೇಕು. ನಾನು ಕಂಡದ್ದು ಸಾಧನದ ದೋಷವೋ, ನಿನ್ನ ಬಗ್ಗೆ ನನಗಿರುವ ಭಯವೋ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ. ಬಿಡಿಸಿ ನೋಡಲು ಆಗಲಿಲ್ಲ.

ಅದೇ ಸಂಜೆ ಹೇಗಿದ್ದೀಯೋ ಎಂದು ಕೇಳಿದ್ದಕ್ಕೆ ನಿನ್ನಿಂದ ಉತ್ತರ ಬಂತು: ಈಗ ಸ್ವಲ್ಪ ಮೇಲು.

ನಮ್ಮ ಮನೆಯಲ್ಲಿ ಯಾರು ಹಾಗೆ ಮಾತಾಡುತ್ತಾರೋ? ಜ್ವರದಲ್ಲಿ ಬೇಯುತ್ತಿದ್ದರೂ ‘ಏನೋ ಉರುಳ್ತಿದೆ ಬಿಡೇ’ ಎನ್ನುವವನು ನೀನು. ಹಿಂದಿನ ಸಂದೇಶಗಳನ್ನೆಲ್ಲ ತೆಗೆದು ನೋಡಿದೆ. ಲಿಂಕ್ ಕಳಿಸಿದಂದಿನಿಂದ ಪ್ರತಿಯೊಂದಕ್ಕೂ ಅದೇ ಮೂರು ಮಾತು. ದೀಪ ರಿಪೇರಿಯಾಯಿತಾ ಎಂದು ಕೇಳಿದ್ದಕ್ಕೂ ಅದೇ. ನಾನೋ, ಅದನ್ನು ಹಾಗೇ ಅಮ್ಮನಿಗೆ ದಾಟಿಸುತ್ತಿದ್ದೆ. ‘ಸ್ವಲ್ಪ ಅಂದ್ರೆ ಎಷ್ಟೇ? ಚಮಚದಷ್ಟೋ, ಲೋಟದಷ್ಟೋ?’ ಎಂದು ಅವಳು ಕೇಳಿದಾಗ ರೇಗಿದ್ದೆ. ‘ಇಂಗ್ಲಿಷ್ ಸ್ಕೂಲಿಗೆ ಕಳಿಸಿದ್ದಕ್ಕೆ ಪ್ರಶ್ನೆ ಕೇಳೋದು ಕಲ್ತೆ, ಉತ್ತರ ಕೇಳಿಸ್ಕೊಳ್ಳೋದು ಕಲೀಲಿಲ್ಲ’ ಎಂದು ಗೋಡೆಯ ಕಡೆ ತಿರುಗಿಕೊಂಡಳು.

ಕಣ್ಣು ಪರೀಕ್ಷೆಗೆ ಬಂದವರ ಬಗ್ಗೆ ನೀನೇ ಒಮ್ಮೆ ಹೇಳಿದ್ದೆ. ‘ಕುರ್ಚಿಯಿಂದ ಏಳೋ ಆತುರ ಇರೋರು ಯಾವ ಗಾಜು ಹಾಕಿದ್ರೂ ಇದೇ ಚೆನ್ನಾಗಿದೆ ಅಂತಾರೆ ಅಕ್ಕಾ. ಅದಕ್ಕೇ ಅದೇ ಗಾಜನ್ನ ಎರಡು ಸಲ ತೋರಿಸ್ತೀನಿ.’ ಆಗ ನಕ್ಕಿದ್ದೆವು. ಈ ಮೂರು ಮಾತು ಕಳಿಸಿ ನೀನೂ ಆ ಕುರ್ಚಿಯಿಂದ ಏಳಲು ನೋಡುತ್ತಿದ್ದೆ, ನನಗೆ ಹೊಳೆಯಲಿಲ್ಲ. ಆ ನೀಲಿ ವೃತ್ತಕ್ಕೂ ನನಗೂ ಏನು ವ್ಯತ್ಯಾಸ, ಹೇಳು. ನೀನು ಮೇಲು ಎನ್ನುವವರೆಗೆ ಕೇಳುತ್ತಿದ್ದೆ. ಅಂದ ಕೂಡಲೇ ಬಿಟ್ಟುಬಿಡುತ್ತಿದ್ದೆ.

ನೀನು ಆರು ವರ್ಷದವನಿದ್ದಾಗ ಸಾಮಾನಿನ ಕೋಣೆಯ ಚಿಲಕ ಸಿಕ್ಕಿಕೊಂಡು ಒಳಗೇ ಉಳಿದೆಯಲ್ಲ, ನೆನಪಿದೆಯೇ? ಅಪ್ಪ ಬಡಗಿಯನ್ನು ಕರೆತರಲು ಓಡಿದ್ದರು. ಹೆದರಬೇಡ ಎನ್ನಲು ನನಗೇ ಹೆದರಿಕೆ. ಏನೂ ತೋಚದೆ ಇಂಗ್ಲಿಷ್ ಪಾಠದ ಪುಸ್ತಕವನ್ನು ಗಟ್ಟಿಯಾಗಿ ಓದುತ್ತ ಬಾಗಿಲಿಗಂಟಿ ನಿಂತಿದ್ದೆ. ಹೊರಗೆ ಬಂದವನು ಮೂಗು ಒರೆಸಿಕೊಂಡು ಹೇಳಿದೆ: ‘ನಿನ್ ಇಂಗ್ಲಿಷ್ ಒಂದಕ್ಷರ ಅರ್ಥ ಆಗ್ಲಿಲ್ಲ. ಬಾಗಿಲ ಕೆಳಗೆ ನಿನ್ ಕಾಲು ಕಾಣ್ತಿತ್ತು, ಅದಕ್ಕೇ ಅಳಲಿಲ್ಲ.’

ಅಮ್ಮ ನಿನಗೆ ಆಶೀರ್ವಾದ ಬರೆ ಎಂದಳು, ಕೂದಲು ಕತ್ತರಿಸಿಕೋ ಎಂದೂ ಬರೆ ಎಂದಳು. ಎರಡನ್ನೂ ಬರೆದಿದ್ದೇನೆ. ‘ಹಾಗೇ ಇದೆ’ ಎನ್ನಬೇಕೆನಿಸಿದರೆ ನನಗೆ ಅನ್ನು. ಎಷ್ಟು ಸಲ ಬೇಕಾದರೂ ಅನ್ನು.

ನಿನ್ನ
ಅಕ್ಕ

ಅವಸರದಲ್ಲಿ: ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ, ನೀನು ಫೋನಿನಲ್ಲಿ ಅಂದ ಮಾತನ್ನೂ ಬಿಡಲಿಲ್ಲ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ‘ಕಾಗದ ಬರೀತಾ ಕೂತಿದ್ದೀಯಲ್ಲೇ, ಎದ್ದು ಹೋಗಬಾರ್ದಾ? ನನಗೆ ಮಾತಿಗೆ ಟೈಲರಮ್ಮ ಇದ್ದಾಳೆ, ಹಿಡ್ಕೊಳ್ಳೋಕೆ ಗೋಡೆ ಇದೆ’ ಎಂದಳು. ಟೈಲರಮ್ಮ ಹಾಸಿಗೆ ಸಮೇತ ಬಂದಿದ್ದಾಳೆ. ವರದಿಗೆ ಸಹಿ ಹಾಕಲಿಲ್ಲ. ಯಾಕೆಂದು ಒಂದು ಪುಟ ಬರೆದು ಕಳಿಸಿದೆ. ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ನಾಳೆ ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತೇನೆ. ವೈದ್ಯರ ಹತ್ತಿರ ಇಬ್ಬರೂ ಕೂಡಿ ಹೋಗೋಣ, ಅದು ಆಮೇಲಿನ ಮಾತು. ನನ್ನನ್ನು ಕಂಡು ಮೇಲು ಎನ್ನಬೇಕಾಗಿಲ್ಲ, ಬಾಗಿಲನ್ನು ತಕ್ಷಣ ತೆರೆಯಬೇಕೆಂದೂ ಇಲ್ಲ, ಕಾಯುತ್ತೇನೆ. ಈ ಕಾಗದವನ್ನು ಅಂಚೆ ಡಬ್ಬಿಗೆ ಹಾಕುವುದಿಲ್ಲ. ನಿನ್ನ ಬಾಗಿಲ ಕೆಳಗಿನ ಸಂದಿಯಿಂದ ನಾನೇ ಒಳಗೆ ತಳ್ಳುತ್ತೇನೆ. ಎತ್ತಿಕೊಳ್ಳಲು ಬಗ್ಗಿದಾಗ ನನ್ನ ಕಾಲು ಕಾಣಿಸುತ್ತದೆ. ಶನಿವಾರ, ಸೆಪ್ಟೆಂಬರ್ ೧೩.