ಎದೆಯ ಮೇಲಿಟ್ಟು ಆರಿಸಿದ ಬಟ್ಟಲು

ಮಂಗಳವಾರ, ಬೆಳಗಿನ ಕಾಫಿಯ ನಂತರ

ಪ್ರೀತಿಯ ಗಡಿಯಾರದಮ್ಮನಿಗೆ,

ಮೊದಲು ತಪ್ಪೊಪ್ಪಿಗೆ. ಕಳೆದ ಶನಿವಾರ ಹಾಡಹಗಲೇ ನಾನು ನಿನ್ನ ಅಡುಗೆಮನೆಗೆ ನುಗ್ಗಿ, ನೀನು ಯಾರಿಗೂ ಮುಟ್ಟಗೊಡದ ಲಟ್ಟಣಿಗೆಯನ್ನು ಕದ್ದು, ಕೋಟಿನ ತೋಳೊಳಗೆ ಅಡಗಿಸಿಕೊಂಡು ಪರಾರಿಯಾದೆ. ಆರೋಪಿ ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಹಿಂದಿನ ಅಪರಾಧ ಒಂದೇ, ನಿನ್ನನ್ನು ಮದುವೆಯಾದದ್ದು. ಅದನ್ನೂ ಅಪರಾಧ ಎನ್ನುವವರು ನಿನ್ನಕ್ಕ ಮಾತ್ರ.

ನೀನು ಆ ಅಕ್ಕನ ಮನೆ ಸೇರಿ ಇಪ್ಪತ್ತು ದಿನವಾಯಿತು. ಹೊರಡುವಾಗ ಹೇಳಿದ್ದು ನನಗೆ ಬಾಯಿಪಾಠ: "ನಿದ್ದೆ ಇಲ್ದೆ ಕೈ ನಡುಗ್ತಿದೆ ಕಣ್ರೀ. ನಿನ್ನೆ ವಾಚಿನ ಸ್ಪ್ರಿಂಗ್ ಹಾರಿ ಎಲ್ಲೋ ಹೋಯ್ತು. ಹೀಗೇ ಆದ್ರೆ ರಿಪೇರಿ ಅಂಗಡಿ ಮುಚ್ಬೇಕಾಗತ್ತೆ. ನಿಮ್ಮ ಗೊರಕೆ ನಿಲ್ಲಲಿ, ಇಲ್ಲಾ ನನಗೆ ನಿದ್ದೆ ಬರೋ ಹಾಗಾಗಲಿ. ಆಮೇಲೆ ಬರ್ತೀನಿ."

ಗೊರಕೆಯ ವಿಷಯ ಇತ್ಯರ್ಥವಾಗಿದೆ. ಈ ಇಪ್ಪತ್ತು ದಿನ ನಾನು ಒಮ್ಮೆಯೂ ಗೊರಕೆ ಹೊಡೆದಿಲ್ಲ. ಮನೆಯಲ್ಲಿರುವ ಸಾಕ್ಷಿಗಳೆಲ್ಲ, ಅಂದರೆ ನಾನೊಬ್ಬ, ಒಂದೇ ಮಾತು ಹೇಳುತ್ತಿದ್ದೇವೆ. ಉಳಿದದ್ದು ನಿನ್ನ ನಿದ್ದೆ. ಅದಕ್ಕೇ, ಬಾರಿಸಿದರೆ ದನಿಯಿಂದಲೇ ನಿದ್ದೆ ತರಿಸುತ್ತದೆನ್ನುವ ಟಿಬೆಟಿನ ಹಾಡುವ ಕಂಚಿನ ಬಟ್ಟಲು ತರಲು ಹೊರಟೆ. ಬಾರಿಸಲು ಕೋಲು ನಾವೇ ಒಯ್ಯಬೇಕೆಂದುಕೊಂಡೆ. ಲಟ್ಟಣಿಗೆ ಪ್ರಕರಣದ ಮೂಲ ಅದು.

ಕನ್ನಡಕದಂಗಡಿಯ ಮೇಲಿನ ಮಹಡಿಯಲ್ಲಿ ಒಬ್ಬ ಅಜ್ಜಿ ಬಟ್ಟಲು ಮಾರುತ್ತಾರೆ. ನಾನು ಮೊದಲ ಬಟ್ಟಲಿಗೇ ಲಟ್ಟಣಿಗೆ ಬೀಸಿದೆ. ಅಜ್ಜಿ ಹೌಹಾರಿ, "ಒಳಗಿಡ್ರಿ ಅದನ್ನ! ಬಟ್ಟಲು ಹಾಡ್ಬೇಕು, ಅಳಬಾರ್ದು" ಎಂದು ಚರ್ಮ ಸುತ್ತಿದ ಕೋಲು ಕೊಟ್ಟರು. ಹೊಳೆಯುವ ಬಟ್ಟಲೊಂದನ್ನು ಎತ್ತಿಕೊಂಡು ಬಾರಿಸಿದೆ. ಅದರ ದನಿ ಎದ್ದಷ್ಟೇ ಬೇಗ ಕೂತುಬಿಟ್ಟಿತು. ಪಕ್ಕದ ಮಂಕು ಬಟ್ಟಲಿನ ತುಂಬ ಸುತ್ತಿಗೆಯ ಗುಳಿಗಳು. ವೃತ್ತಿಧರ್ಮ ನೋಡು, ಒಂದೊಂದನ್ನೂ ಬೆರಳಿಟ್ಟು ತೋರಿಸತೊಡಗಿದೆ.

"ತಪ್ಪು ಹುಡುಕೋಕ್ ಬಂದ್ರೋ, ಬಟ್ಟಲು ಹುಡುಕೋಕ್ ಬಂದ್ರೋ?" ಅಂದರು ಅಜ್ಜಿ. ಕೈಯಲ್ಲಿ ಬಡಿದು ಮಾಡಿದ್ದಕ್ಕೆ ಆ ಗುಳಿ, ಗುಳಿಯಿಂದಲೇ ಆ ದನಿ ಅಲೆಯಲೆಯಾಗಿ ಬರುವುದು ಎಂದು ತಿಳಿಹೇಳಿದರು. ಕಂಚಿನ ಕಂಠ ಎಂದು ನಾವು ಹಾಡುವವರನ್ನು ಹೊಗಳುತ್ತೇವಲ್ಲ, ಇಲ್ಲಿ ಕಂಚಿಗೇ ಕಂಠ!

ಆರಿಸುವುದಕ್ಕೆ ಅವರದೊಂದು ಕ್ರಮವಿದೆ. ಪರದೆಯ ಹಿಂದೆ ಚಾಪೆಯ ಮೇಲೆ ಮಲಗಬೇಕು; ಬಟ್ಟಲನ್ನು ಎದೆಯ ಮೇಲಿಟ್ಟು ಅವರು ಒಮ್ಮೆ ಬಾರಿಸುತ್ತಾರೆ; ದನಿ ಎಲ್ಲಿ ಮುಗಿಯಿತೆಂದು ಗೊತ್ತಾಗದಿದ್ದರೆ ಅದೇ ನಮ್ಮದು. ನಾನು ಕಣ್ಣಲ್ಲಿ ಕಣ್ಣಿಟ್ಟು, ಕಿವಿ ನಿಮಿರಿಸಿ, ಹನ್ನೊಂದು ಬಟ್ಟಲು ಪರೀಕ್ಷಿಸಿ ಒಂದನ್ನು ಗೆದ್ದು ತಂದಿದ್ದೇನೆ. ನಿನ್ನ ದಿಂಬಿನ ಪಕ್ಕದಲ್ಲಿ ಕಾಯುತ್ತಿದೆ. ಅದರ ಪಕ್ಕದ ದಿಂಬೂ ಕಾಯುತ್ತಿದೆ. ಭಾನುವಾರ ಬಾ, ನಿಲ್ದಾಣಕ್ಕೆ ಬರುತ್ತೇನೆ.

ನಿನ್ನ ಕರಡಿ
(ಕರಡು ತಿದ್ದುವವ ಎಂದು ಓದಿಕೊ)

ತಾ.ಕ.: ಕರಡು ಮತ್ತೊಮ್ಮೆ ಓದಿದಾಗ ಒಂದು ತಪ್ಪು ಕಣ್ಣಿಗೆ ಬಿತ್ತು. ಹನ್ನೊಂದಲ್ಲ, ಮೂರು. ಮೂರನೆಯದರ ದನಿ ಎಲ್ಲಿ ಮುಗಿಯಿತೋ ನಿಜಕ್ಕೂ ಗೊತ್ತಿಲ್ಲ. ಮುಕ್ಕಾಲು ಗಂಟೆ ನಿದ್ದೆ ಹೋಗಿದ್ದೆ. ನಿನ್ನನ್ನೂ ಹಾಗೇ ಮಲಗಿಸುತ್ತದೆಂದು ಅದನ್ನೇ ತಂದೆ. ಆದರೆ ನಾನು ಮಲಗಿದ್ದಾಗ ಒಬ್ಬ ಗಿರಾಕಿ ಬಂದು, ಪರದೆಯತ್ತ ಕಿವಿಗೊಟ್ಟು, "ಆ ಭಾರಿ ದನಿಯ ಬಟ್ಟಲು ಎಷ್ಟು?" ಅಂತ ಕೇಳಿದನಂತೆ. ಅಜ್ಜಿ, "ಅದು ಮಾರೋದಲ್ಲ, ಆಗ್ಲೇ ಯಾರದೋ ಪಾಲಿಗೆ ಬಿದ್ದಿದೆ" ಅಂದರಂತೆ.