ಮಾಳಿಗೆ ಒಬ್ಬರಿಗೆ, ಹೌದ ಒಬ್ಬರಿಗೆ

ಮುಳಗುಂದ
೧೭ ಜೂನ್ ೨೦೨೫, ಮಂಗಳವಾರ

ಅಮೃತಕ್ಕನಿಗೆ ನಿಮ್ಮ ನೆಗೆಣ್ಣಿ ಸಾವಕ್ಕ ಮಾಡುವ ನಮಸ್ಕಾರಗಳು.

ನಾವು ಇಲ್ಲಿ ಇದ್ದೇವೆ. ಚೆನ್ನಾಗಿದ್ದೇವೆ ಅಂತ ಬರೆದರೆ ನೀವು ನಗುತ್ತೀರಿ, ಅದಕ್ಕೇ ಇದ್ದೇವೆ ಅಂತಷ್ಟೇ ಬರೆದೆ. ಮಾವನವರ ದಿನಕರ್ಮ ಮುಗಿಸಿ ನೀವು ಬೆಟಗೇರಿಗೆ ಹೋದಮೇಲೆ ಕಾರಹುಣ್ಣಿಮೆಯೊಳಗೆ ಬರೆಯಬೇಕು ಅಂತಿದ್ದೆ. ಹುಣ್ಣಿಮೆಯೂ ಹೋಯಿತು. ತಡವಾದದ್ದಕ್ಕೆ ಸಿಟ್ಟಾಗಬೇಡಿ. ಫೋನು ಹಚ್ಚಿದರೆ ಕಳಕಪ್ಪ ಭಾವನೇ ಎತ್ತುತ್ತಾರೆ, ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತಾರೆ. ಅದಕ್ಕೆ ಈ ಕಾಗದ. ಪಕ್ಕದ ಮನೆ ಮೋತಿಬಿ ಬಳೆ ಸರಕು ತರಲು ಗದಗಿಗೆ ಬರುವವಳಿದ್ದಾಳೆ. "ಬಳಿ ಇಡಸೋ ನೆವದಾಗ ನಿಮ್ಮಕ್ಕನ ಕೈಗೇ ಕೊಡತೀನಿ. ನಿಮ್ಮ ಭಾವ ಅಡ್ಡ ಬಂದ್ರ, ನಿಮಗೂ ಒಂದು ಡಜನ್ ಇಡಸ್ಲೇನ್ರಿ ಅಂತೀನಿ, ಓಡಿ ಹೊಕ್ಕಾನ" ಅಂದಿದ್ದಾಳೆ.

ಮೊದಲು ನಿಮ್ಮ ಮನೆಯ ಸುದ್ದಿ. ಮುಂದಿನ ಮನೆಗೆ ನೀವು ಹಾಕಿಹೋದ ಕೀಲಿ ಹಾಗೇ ಇದೆ. ಬಾಗಿಲ ಮುಂದೆ ದಿನಾ ನಾನೇ ಕಸ ಹೊಡೆಯುತ್ತೇನೆ. ನೀರು ಹೊಡೆಯುವುದಿಲ್ಲ, ಪಾತ್ರೆ ತೊಳೆದ ನೀರನ್ನು ಒಂದಿಷ್ಟು ಚಿಮುಕಿಸುತ್ತೇನೆ. ಕರಿಬೇವಿನ ಗಿಡ ಬದುಕಿದೆ. ಎಮ್ಮೆ ಗಬ್ಬವಾಗಿದೆ.

ಇನ್ನು ಬರೆಯಬೇಕಾದ ಮಾತು. ಭಾನುವಾರ ಊರ ಹಿರಿಯರ ಮುಂದೆ ಭಾವ ಫೋನಿನಲ್ಲಿ ಏನು ಹೇಳಿದರು ಅಂತ ನಿಮಗೆ ಗೊತ್ತಿರಬೇಕು. "ತಮ್ಮ ನನ್ನ ಮಾಳಗಿ ಮ್ಯಾಲೆ ಕಳ್ಳನಂಗ ಹತ್ತಿ ಮಳಿನೀರಿನ ದೋಣಿ ತಿರುವ್ಯಾನ. ನಾಳೆ ಬಿಟ್ಟು ಮುಂದಿನ ಸೋಮವಾರ ಗೌಂಡಿನ್ನ ಕರಕೊಂಡ ಬಂದು ದೋಣಿ ಕಿತ್ತು, ಆ ಬಾಯಿಗೆ ಸಿಮೆಂಟ್ ಜಡಿತೀನಿ" ಅಂದರಂತೆ. ನಮ್ಮವರು ಅದನ್ನು ಕೇಳಿಕೊಂಡು ಬಂದು ಊಟ ಮಾಡಲಿಲ್ಲ. ಕಟ್ಟೆಯ ಮೇಲೆ ಕೂತು ಕೊಡಲಿಗೆ ಕಾವು ಹಾಕಿದರು. "ಗೌಂಡಿ ಏಣಿಗೆ ಕಾಲಿಡ್ಲಿ, ಮೊದಲ ಗೌಂಡಿದು, ಆಮ್ಯಾಲೆ ಅಣ್ಣಂದು" ಅಂದರು. ಸಿಟ್ಟಿನಲ್ಲಿ ಕೂಗಾಡುವ ಮನುಷ್ಯ ಅವರು, ನಿಮಗೂ ಗೊತ್ತು. ಅವತ್ತು ಕೂಗಲಿಲ್ಲ, ಅಕ್ಕಾ. ಮೆಲ್ಲಗೆ ಹೇಳಿದರು. ಅದಕ್ಕೇ ನನಗೆ ಹೆದರಿಕೆ.

ನಾನು ಈ ಮನೆಗೆ ಬಂದ ಹೊಸದರಲ್ಲಿ ಮಾವನವರು ನೀರಿನ ಶಾಸ್ತ್ರ ಹೇಳಿದ್ದು ನೆನಪಿದೆಯೇ? ನೀರಿಗೆ ಮೂರು ಜನ್ಮ ಅನ್ನುತ್ತಿದ್ದರು. ಮೊದಲನೆಯ ಜನ್ಮದಲ್ಲಿ ಮನುಷ್ಯರ ಮೈಗೆ, ಎರಡನೆಯದರಲ್ಲಿ ನೆಲಕ್ಕೆ, ಮೂರನೆಯದರಲ್ಲಿ ಗಿಡದ ಬುಡಕ್ಕೆ. ಅಕ್ಕಿ ತೊಳೆದ ನೀರು ಎಮ್ಮೆಯ ಬಾನಿಗೆ. ನಾನು ಹಿರೇಹಂದಿಗೋಳದವಳು, ನಮ್ಮ ತವರಿನಲ್ಲಿ ಬಾವಿ ಇತ್ತು. ಬಂದ ಮೂರನೆಯ ದಿನವೇ ಕಾಲು ತೊಳೆದ ನೀರನ್ನು ಬಚ್ಚಲಿಗೆ ಚೆಲ್ಲಿಬಿಟ್ಟೆ. ಮಾವನವರು ಅಂಗಳದಿಂದಲೇ "ಅಯ್ಯ ಮಗಳ, ಒಂದ ಜನ್ಮಕ್ಕ ಕೊಂದಿಯಲ್ಲ ಅದನ್ನ!" ಅಂದರು. ನಾನು ಅತ್ತುಬಿಟ್ಟೆ. ನೀವು ಸೆರಗಿನಲ್ಲಿ ನಗುತ್ತ ನನ್ನ ಬದಲಿಗೆ ನೀರು ಹಿಡಿಯುವ ತಗಡಿನ ಬುಟ್ಟಿ ಇಟ್ಟು ತೋರಿಸಿದಿರಿ, ಎಲ್ಲಿ ಕೂತು ಮುಖ ತೊಳೆದರೆ ನೀರು ತಾನೇ ಕರಿಬೇವಿಗೆ ಹೋಗುತ್ತದೆ ಅಂತ. ಆವತ್ತಿನಿಂದ ನಾನು ನಿಮ್ಮನ್ನು ಅಕ್ಕಾ ಅಂದದ್ದು ಬರೀ ಬಾಯಿಮಾತಿಗಲ್ಲ.

ಆಮೇಲೆ ಪಾಲು ಬಂತು. ಮುಂದಿನ ಮನೆ, ಅದರ ದೊಡ್ಡ ಮಾಳಿಗೆ ಭಾವನಿಗೆ. ಹಿಂದಿನ ಮನೆ, ಅಂಗಳ, ಅಂಗಳದಲ್ಲಿ ಮಾವನವರೇ ನೆಲ ಅಗೆದು ಕಟ್ಟಿಸಿದ ಕಲ್ಲಿನ ನೀರಿನ ಹೌದ ನಮಗೆ. ಮಾಳಿಗೆಯ ಮೇಲೆ ಬಿದ್ದ ಮಳೆ ತಗಡಿನ ದೋಣಿಯಲ್ಲಿ ಇಳಿದು ಹೌದಕ್ಕೆ ಬರಬೇಕು. ಮಳೆ ನಿಮ್ಮದು, ಹೌದ ನಮ್ಮದು! ಇದೆಂಥ ಪಾಲು ಅಂತ ಊರೇ ನಕ್ಕಿತು. ಮಾವನವರು ಮಾತ್ರ ಎಲೆ ಅಡಿಕೆ ಮೆಲ್ಲುತ್ತ, "ಕೂಡಿದ್ರ ನೀರು, ಮುರದ್ರ ನೀರಡಿಕಿ. ತಿಳದ ಮಾಡೀನಿ" ಅಂದರು.

ನಮ್ಮಜ್ಜಿ ಹೇಳುತ್ತಿದ್ದ ಅಕ್ಕತಂಗಿಯರ ಕಥೆ ನಾನು ಆಗಲೇ ಹೇಳಿದ್ದೆ. ಅಕ್ಕನಿಗೆ ಬಾವಿ ಬಂತು, ತಂಗಿಗೆ ಹಗ್ಗ ಬಂತು. ಜಗಳವಾಯಿತು. ಅಕ್ಕ ಬಾವಿ ನೋಡುತ್ತ ಕೂತಳು, ತಂಗಿ ಹಗ್ಗ ನೋಡುತ್ತ ಕೂತಳು, ಇಬ್ಬರ ನಾಲಗೆಯೂ ಒಣಗಿತು. ಕಡೆಗೆ ಒಂದು ಕಾಗೆ ಬಂದು, "ನನಗ ಕೊಕ್ಕಷ್ಟೇ ಐತಿ, ನಿಮಗ ಎರಡೆರಡು ಕೈ ಅದಾವ, ನಾಚಿಕಿ ಬರಂಗಿಲ್ಲೇನು" ಅಂತ ಬೈಯಿತು. ಅಲ್ಲಿಗೆ ಅವರು ಕೂಡಿದರು. ಮಾವನವರು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. "ನಿಮ್ಮಜ್ಜಿ ಕಥಿ ಹೇಳಿದ್ಲು, ನಾ ಮನಿ ಕಟ್ಟೀನಿ" ಅಂದಿದ್ದರು. ನಮ್ಮ ಓಣಿಯಲ್ಲೂ ಕಾಗೆಗಳು ಬೇಕಾದಷ್ಟಿವೆ, ಅಕ್ಕಾ. ಎಂಜಲು ತಿಂದು ಹಾರಿಹೋಗುತ್ತವೆ, ಒಂದೂ ಬಾಯಿ ಬಿಡಲಿಲ್ಲ.

ಆದರೂ ಎಷ್ಟು ವರ್ಷ ನಡೆಯಿತು! ಮಳೆಗಾಲಕ್ಕೆ ಮುಂಚೆ ನೀವು ಮಾಳಿಗೆ ಗುಡಿಸುತ್ತಿದ್ದಿರಿ, ನಾವು ಹೌದದ ತಳ ತೊಳೆಯುತ್ತಿದ್ದೆವು. ಮೊದಲ ಮಳೆಗೆ ದೋಣಿ ಓಣಿಯ ಕಡೆ ಇರಬೇಕು, ಮಾಳಿಗೆಯ ಧೂಳೆಲ್ಲ ಹೊರಗೆ ಹೋಗಬೇಕು. ಎರಡನೆಯ ಮಳೆಗೆ ಯಾರಾದರೂ ಮೇಲೆ ಹತ್ತಿ ದೋಣಿಯನ್ನು ಹೌದದ ಕಡೆ ತಿರುಗಿಸಬೇಕು. ಅವತ್ತು ನೀವು ಮೇಲಿನಿಂದ "ಸಾವಕ್ಕಾ, ಬಿಡ್ಲೇನು?" ಅಂತ ಕೂಗುವುದು, ನಾನು ಕೆಳಗಿನಿಂದ "ಬಿಡ್ರೀ" ಅನ್ನುವುದು. ಇಡೀ ವರ್ಷದಲ್ಲಿ ನನಗೆ ಅದಕ್ಕಿಂತ ದೊಡ್ಡ ಹಬ್ಬ ಇರಲಿಲ್ಲ.

ಹೋದ ವರ್ಷದ ಬೇಸಿಗೆಯಲ್ಲಿ ಆದದ್ದರಲ್ಲಿ ನಮ್ಮವರದೇ ತಪ್ಪು. ಇದನ್ನು ಅವರ ಮುಂದೆಯೂ ಹೇಳಿದ್ದೇನೆ, ಬೈಸಿಕೊಂಡಿದ್ದೇನೆ. ನಿಮ್ಮ ಅನ್ನಪೂರ್ಣಳನ್ನು ನೋಡಲು ಮುಂಡರಗಿಯ ಗಂಡಿನವರು ಬಂದಿದ್ದರು. ಅವರ ಡ್ರೈವರ್ ಹೌದದಿಂದ ಕೊಡಗಟ್ಟಲೆ ನೀರು ಸೇದಿ ಕಾರು ತೊಳೆದ. ಅಕ್ಕಿ ತೊಳೆದ ನೀರನ್ನೂ ಚೆಲ್ಲದ ಮನೆಯಲ್ಲಿ ಕಾರಿನ ಚಕ್ರಕ್ಕೆ ಕುಡಿಯುವ ನೀರು! ಹೊಲದಿಂದ ಬಂದ ನಮ್ಮವರು ಅದನ್ನು ನೋಡಿದರು. ಹೌದಕ್ಕೆ ಮುಚ್ಚಳ ಎಳೆದು, ಕೀಲಿ ಜಡಿದು, ಕೀಲಿಕೈ ಕಿಸೆಗೆ ಹಾಕಿಕೊಂಡು ಮತ್ತೆ ಹೊಲಕ್ಕೆ ಹೋದರು. ಬಚ್ಚಲಲ್ಲಿ ವರನ ಸೋದರಮಾವ ತಲೆಗೆಲ್ಲ ಸಾಬೂನು ಹಚ್ಚಿಕೊಂಡು ಕೂತಿದ್ದಾನೆ ಅಂತ ಅವರಿಗೇನು ಗೊತ್ತು? ಆ ಮನುಷ್ಯ ಕಣ್ಣು ಮುಚ್ಚಿಕೊಂಡು "ನೀರು, ನೀರು" ಅಂತ ಒದರುವುದು, ಮೋತಿಬಿ ತನ್ನ ಮನೆಯಿಂದ ಒಂದು ಕೊಡ ಹೊತ್ತು ಓಡಿ ಬರುವುದು. ಬೇರೆ ಯಾರ ಮನೆಯಲ್ಲಾದರೂ ಆಗಿದ್ದರೆ ನಾವಿಬ್ಬರೂ ವರ್ಷಗಟ್ಟಲೆ ನಗುತ್ತಿದ್ದೆವು. "ತಲಿ ತೊಳಿಯಾಕ ನೀರು ಕೊಡದ ಮನಿ ಹೆಣ್ಣು ನಮಗ ಬ್ಯಾಡ" ಅಂತ ಅವರು ಎದ್ದುಹೋದರು. ಅನ್ನಪೂರ್ಣ ಉಟ್ಟ ಸೀರೆಯಲ್ಲೇ ಅಡುಗೆಮನೆಯಲ್ಲಿ ಕೂತಿದ್ದಳು. ಅವಳ ಮುಖ ನನಗೆ ಇನ್ನೂ ಕಾಣುತ್ತದೆ. ನೀವು ನನ್ನ ಕಡೆ ನೋಡಿದ ನೋಟವೂ ಕಾಣುತ್ತದೆ.

ಅವತ್ತೇ ಭಾವ ಮಾಳಿಗೆ ಹತ್ತಿ ದೋಣಿಯನ್ನು ಓಣಿಯ ಕಡೆ ತಿರುಗಿಸಿ ತಂತಿ ಬಿಗಿದರು. ಆಮೇಲೆ ಮನೆಗೆ ಕೀಲಿ ಹಾಕಿ ನಿಮ್ಮನ್ನೆಲ್ಲ ಬೆಟಗೇರಿಗೆ ಕರೆದುಕೊಂಡು ಹೋದರು. ಮಳೆಗಾಲ ಪೂರ್ತಿ ನಿಮ್ಮ ಮಾಳಿಗೆಯ ನೀರು ಗಟಾರಕ್ಕೆ ಹೋಯಿತು, ನಮ್ಮ ಹೌದದಲ್ಲಿ ಹಲ್ಲಿ ಓಡಾಡಿತು. ನಾನು ಓಣಿಯಲ್ಲಿ ದೋಣಿಯ ಕೆಳಗೆ ಕೊಡ ಹಿಡಿದು ನಿಂತೆ. "ಸಾವಕ್ಕ, ನಿಮ್ಮ ಮನಿ ನೀರು ಬೀದಿಗೆ ಬಂದಾವ, ಮನಿ ಮಂದಿ ಯಾವಾಗ ಬರತೀರಿ?" ಅಂದಳು ಮೋತಿಬಿ. ಹಾಗೆ ಅಂದು ತಾನೂ ಒಂದು ಕೊಡ ಹಿಡಿದು ನನ್ನ ಪಕ್ಕ ನಿಂತಳು.

ಮಾವನವರು ಆ ಒಂದು ವರ್ಷದಲ್ಲಿ ಹತ್ತು ವರ್ಷ ಮುದುಕರಾದರು. ದಿನಾ ಹೌದದ ಕಟ್ಟೆಯ ಮೇಲೆ ಕೂತು ದೋಣಿಯನ್ನೇ ನೋಡುತ್ತಿದ್ದರು. "ತಪ್ಪು ಲೆಕ್ಕ ಹಾಕಿದ್ನೇನವ್ವ? ಕೂಡಿಸಾಕ ಮಾಡಿದ್ದು ಕಡಿದಾಡಾಕ ಆತು" ಅಂತ ನನ್ನನ್ನೇ ಕೇಳುತ್ತಿದ್ದರು.

ಮಾವನವರನ್ನು ಮಣ್ಣು ಮಾಡಿದ ದಿನ ನಡೆದದ್ದನ್ನು ನೀವೇ ಕಣ್ಣಾರೆ ಕಂಡಿರಿ. ಆದರೆ ನಮ್ಮವರ ಮುಷ್ಟಿಯಲ್ಲಿ ಏನಿತ್ತು ಅಂತ ನಿಮಗೆ ಗೊತ್ತಿಲ್ಲ. ಹೌದದ ಕೀಲಿಕೈ ಇತ್ತು. ಅವರು ಲಕ್ಷ್ಮೇಶ್ವರದ ಪೇಟೆಯಿಂದ ಬಂದಾಗ ಅಪ್ಪ ಹೋಗಿಯಾಗಿತ್ತು, ಮಳೆ ಸುರಿಯುತ್ತಿತ್ತು, ದೋಣಿ ಹೌದದ ಕಡೆ ತಿರುಗಿತ್ತು. ಮಾಳಿಗೆಯ ಮೆಟ್ಟಿಲು ನಿಮ್ಮ ಮನೆಯೊಳಗೆ, ಅದರ ಕೀಲಿಕೈ ಭಾವನ ಹತ್ತಿರ. ಹಾಗಾಗಿ ಅಣ್ಣನೇ ಬಂದು ತಿರುಗಿಸಿಹೋಗಿದ್ದಾನೆ ಅಂತ ಇವರು ತಿಳಿದರು. ಸತ್ತ ಅಪ್ಪನ ಕಾಲ ಹತ್ತಿರ ಕೂತು, "ಅಣ್ಣನ ಮನಸ್ಸು ಕರಗೇತಿ, ಅಪ್ಪಗ ನೋಡಾಕ ಆಗಲಿಲ್ಲ" ಅಂತ ಅತ್ತರು. ಮೈ ತೊಳೆಯಲು ನೀರು ಬೇಕು ಅಂತ ಅಣ್ಣ ಒಂದು ಮಾತು ಕೇಳಲಿ, ಕೀಲಿ ತೆಗೆದು ಕಾಲಿಗೆ ಬೀಳುತ್ತೇನೆ ಅಂತ ಕಾದು ನಿಂತಿದ್ದರು.

ಭಾವ ಬಂದರು. ದೋಣಿ ನೋಡಿದರು. "ನಮ್ಮಪ್ಪಗ ಕಳವಿನ ನೀರು ಎರಿಯೂದು ಬ್ಯಾಡ" ಅಂದರು. ಗಾಡಿಯಿಂದ ಕ್ಯಾನಿನ ನೀರು ಇಳಿಸಿದರು. ಮುಷ್ಟಿ ಮತ್ತೆ ಬಿಗಿಯಿತು.

ಜೀವಮಾನವೆಲ್ಲ ಹನಿ ಹನಿ ಕೂಡಿಟ್ಟ ಮಾವನವರನ್ನು, ಅವರೇ ಕಟ್ಟಿಸಿದ ಹೌದ ತುಂಬಿರುವಾಗ, ಅಂಗಡಿಯ ನೀರಿನಲ್ಲಿ ತೊಳೆದರು. ಆ ನೀರಿಗೆ ಎರಡನೆಯ ಜನ್ಮವೂ ಇರಲಿಲ್ಲ, ಗುಂಡಿಗೆ ಹೋಯಿತು.

ಅಕ್ಕಾ, ನಿಮ್ಮ ಮೈದುನ ದೋಣಿ ಮುಟ್ಟಿಲ್ಲ. ಆಣೆ ಮಾಡಿ ಹೇಳುತ್ತೇನೆ. ಅವತ್ತು ಪೇಟೆಯಲ್ಲಿ ಅವರ ಜೊತೆಗಿದ್ದವರನ್ನು ಬೇಕಾದರೆ ಕೇಳಿ. ಭಾವನೂ ಮುಟ್ಟಿಲ್ಲ. ಸೋಮವಾರ ಗೌಂಡಿ ಬರದ ಹಾಗೆ ನೀವು ಏನಾದರೂ ಮಾಡಿ. ಅಡ್ಡ ಮಲಗಿರಿ, ಊಟ ಬಿಡಿ, ಇಲ್ಲದ ಜ್ವರ ತರಿಸಿಕೊಳ್ಳಿ. ನಮ್ಮ ಮಾತು ಗಂಡಸರಿಗೆ ಕೇಳಿಸುವುದು ಹೀಗೆ ಮಾಡಿದಾಗ ಮಾತ್ರ.

ಅನ್ನಪೂರ್ಣಳಿಗೆ ನನ್ನ ಆಶೀರ್ವಾದ. ಅವಳಿಗೆ ಒಳ್ಳೆಯ ಮನೆ ಸಿಗಲಿ. ನೀರಿದ್ದ ಮನೆ ಸಿಗಲಿ ಅಂತ ಬರೆಯುವುದಿಲ್ಲ. ಬೊಗಸೆ ನೀರಿದ್ದರೂ ಹಂಚಿಕೊಂಡು ಕುಡಿಯುವ ಮನೆ ಸಿಗಲಿ. ಚಿಕ್ಕಮ್ಮನ ಮೇಲೆ ಸಿಟ್ಟಿದ್ದರೆ ಇರಲಿ, ಅದು ಅವಳ ಹಕ್ಕು. ನಿಮ್ಮ ಆರೋಗ್ಯ ನೋಡಿಕೊಳ್ಳಿ.

ನಿಮ್ಮ
ಸಾವಕ್ಕ

ತಾ.ಕ.: ಇಲ್ಲಿಗೆ ಮಡಚಿ ಮೋತಿಬಿಗೆ ಕೊಟ್ಟಿದ್ದೆ. ಅವಳು ಓದಿ ವಾಪಸು ಕೊಟ್ಟಳು. "ಯಾರು ಮುಟ್ಟಿಲ್ಲಂತ ಬರದಿ, ಯಾರು ಮುಟ್ಟ್ಯಾರಂತ ಬರೀಲಿಲ್ಲ. ಅರ್ಧಾ ಹೇಳಿದ್ದು ಸುಳ್ಳಾಕೈತಿ ಸಾವಕ್ಕ" ಅಂದಳು. ಅದಕ್ಕೆ ಬರೆಯುತ್ತಿದ್ದೇನೆ.

ನಾವು ಎಲ್ಲರಿಗೂ ಹೇಳಿದ ಹಾಗೆ ಮಾವನವರು ಬಚ್ಚಲ ಕಲ್ಲಿನ ಮೇಲೆ ಜಾರಿ ಬೀಳಲಿಲ್ಲ. ಅವತ್ತು ಮಧ್ಯಾಹ್ನ ಕಪ್ಪತಗುಡ್ಡದ ಕಡೆಯಿಂದ ಮೋಡ ಏರಿ ಬಂತು. "ಮೊದಲನೇ ಮಳಿ ಮೊನ್ನೇ ಆಗೇತಿ, ಇದು ಎರಡನೇದು" ಅಂದರು. ನಾನು ಸಗಣಿಯ ಕುಳ್ಳು ನೆನೆಯುತ್ತವೆ ಅಂತ ಒಳಗಿಡಲು ಹೋದೆ. ಬರುವಷ್ಟರಲ್ಲಿ ಗೋಡೆಗೆ ಏಣಿ ಹಚ್ಚಿ ಮಾಳಿಗೆ ಹತ್ತಿದ್ದರು. ಇಕ್ಕಳದಿಂದ ತಂತಿ ಕತ್ತರಿಸಿದರು, ದೋಣಿ ತಿರುಗಿಸಿದರು. ಮೇಲಿನಿಂದ "ಸಾವಕ್ಕಾ, ಬಿಡ್ಲೇನು?" ಅಂದರು. ಥೇಟ್ ನಿಮ್ಮ ಹಾಗೆ. ನನ್ನ ಬಾಯಿಗೆ "ಬಿಡ್ರೀ" ಬಂದುಬಿಟ್ಟಿತು. ಇಳಿಯುವಾಗ ತೊಯ್ದ ಏಣಿಯ ಮೇಲೆ ಕಾಲು ಜಾರಿತು.

ನಾನೂ ಮೋತಿಬಿಯೂ ಎತ್ತಿ ಪಡಸಾಲೆಗೆ ತಂದೆವು. ಇನ್ನೂ ಮಾತಿತ್ತು. "ನೀರು ಒಳಗ ಬೀಳಾಕತ್ತಾವೇನು?" ಅಂದರು. ಬೀಳಾಕತ್ತಾವ್ರಿ ಅಂದೆ. ಆಮೇಲೆ ನನ್ನ ಕೈ ಹಿಡಿದು, "ನಾ ತಿರುವೀನಂತ ಇಬ್ಬರಿಗೂ ಹೇಳಬ್ಯಾಡ. ಅಣ್ಣ ತಿರುವ್ಯಾನಂತ ತಮ್ಮ ತಿಳ್ಕೊಳ್ಳಿ, ತಮ್ಮ ತಿರುವ್ಯಾನಂತ ಅಣ್ಣ ತಿಳ್ಕೊಳ್ಳಿ. ಒಬ್ಬರಿಗೊಬ್ಬರು ಕರಗತಾರ" ಅಂದರು. ಅಷ್ಟೇ. ಆಸ್ಪತ್ರೆಗೆ ಗಾಡಿ ಬರುವವರೆಗೂ ಇರಲಿಲ್ಲ. ಬಚ್ಚಲ ಕಲ್ಲಿನ ಸುಳ್ಳು ನಾವಿಬ್ಬರೂ ಹೇಳಿದ್ದು ಅದಕ್ಕೇ.

ಅವರು ಹೇಳಿದ ಹಾಗೇ ಇಬ್ಬರೂ ತಿಳಿದುಕೊಂಡರು ನೋಡಿ, ಒಂದಕ್ಷರ ತಪ್ಪಲಿಲ್ಲ.

ಇದನ್ನು ಭಾವನಿಗೆ ಹೇಳಿದರೆ, ತಾನು ಬಿಗಿದ ತಂತಿ ಅಪ್ಪನನ್ನು ಕೊಂದಿತು ಅಂತ ಅವರು ಉಳಿಯುವುದಿಲ್ಲ. ನಮ್ಮವರಿಗೆ ಹೇಳಿದರೆ ಅಣ್ಣನನ್ನು ಉಳಿಸುವುದಿಲ್ಲ. ಹೇಳದಿದ್ದರೆ ಸೋಮವಾರ ಬರುತ್ತದೆ. ಹೌದ ಕಂಠಮಟ್ಟ ತುಂಬಿದೆ, ಕೀಲಿ ಹಾಗೇ ಇದೆ, ನಾನು ಮೋತಿಬಿಯ ಮನೆಯಿಂದ ನೀರು ತರುತ್ತಿದ್ದೇನೆ. ನನಗೆ ದಾರಿ ತೋಚುತ್ತಿಲ್ಲ, ಅಕ್ಕಾ. ಬಂದ ಹೊಸದರಲ್ಲಿ ಬುಟ್ಟಿ ಎಲ್ಲಿಡಬೇಕು ಅಂತ ತೋರಿಸಿದವರು ನೀವು. ಇದನ್ನು ಎಲ್ಲಿಡಲಿ ಅಂತಲೂ ನೀವೇ ಹೇಳಿ.